ಚಿಕ್ಕಮಗಳೂರಿನ ಹಣ್ಣಿನ ವೈನ್: ನೇರಳೆ ಗೆದ್ದಿದೆ, ಉಳಿದವು ಸಕ್ಕರೆಯಲ್ಲಿ ಮುಳುಗಿವೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿ ಪುಡಿ, ಜೇನುತುಪ್ಪ, ಏಲಕ್ಕಿ, ಕಾಳುಮೆಣಸು ಮಾರುವ ಅಂಗಡಿಗಳ ಕಪಾಟಿನಲ್ಲಿ ‘ಹೋಮ್ ಮೇಡ್ ವೈನ್’ ಎಂಬ ಚೀಟಿ ಹೊತ್ತ ಬಾಟಲಿಗಳೂ ಕಾಣಸಿಗುತ್ತವೆ. ಮುಳ್ಳಯ್ಯನಗಿರಿ ನೋಡಿ ಇಳಿದ ಪ್ರವಾಸಿಗರು ಊರಿಗೆ ಹೊರಡುವ ಮುನ್ನ ಇವುಗಳಲ್ಲಿ ಒಂದೆರಡನ್ನು ಕೊಳ್ಳುವುದುಂಟು. ಅಂಥ ಒಂದು ಅಂಗಡಿಯ ನೇರಳೆ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ ಮತ್ತು ಕಾಫಿ ವೈನ್‌ಗಳ ರುಚಿಯನ್ನು ಇಲ್ಲಿ ವಿಮರ್ಶಿಸಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಇವನ್ನು ದ್ರಾಕ್ಷಿಯ ವೈನ್‌ನ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ದ್ರಾಕ್ಷಿಯಿಂದ ವೈನ್ ಮಾಡಿದ ಅತ್ಯಂತ ಹಳೆಯ ಕುರುಹುಗಳು ಜಾರ್ಜಿಯಾ ದೇಶದಲ್ಲಿ, ಕ್ರಿ.ಪೂ. 6000ದ ಸುಮಾರಿನ ಮಣ್ಣಿನ ಪಾತ್ರೆಗಳಲ್ಲಿ ಸಿಕ್ಕಿವೆ. ನಮ್ಮಲ್ಲೂ ಈ ಪಾನೀಯ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣವು ದ್ರಾಕ್ಷಾರಸದಿಂದಾದದ್ದನ್ನು ‘ಮಧು’ ಎಂದು ಕರೆದು, ಅದು ಬರುವ ಸೀಮೆಗಳ ಮೇಲಿಂದ ‘ಕಾಪಿಶಾಯನ’, ‘ಹಾರಹೂರಕ’ ಎಂಬ ಎರಡು ಬಗೆಗಳನ್ನು ಹೇಳುತ್ತದೆ. ಆಯುರ್ವೇದದ ಅಂಗಡಿಯಲ್ಲಿ ಇಂದಿಗೂ ಸಿಗುವ ದ್ರಾಕ್ಷಾರಿಷ್ಟವೂ ಹುದುಗಿಸಿಯೇ ಆದದ್ದು. ಇಷ್ಟೆಲ್ಲ ಹಣ್ಣುಗಳಿರುವಾಗ ದ್ರಾಕ್ಷಿಗೇ ಈ ಪಟ್ಟ ದಕ್ಕಿದ್ದಕ್ಕೆ ಸರಳ ಕಾರಣವಿದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಬರುತ್ತದೆ. ಮಾಗಿದ ವೈನ್ ದ್ರಾಕ್ಷಿಯ ರಸದಲ್ಲಿ ಲೀಟರಿಗೆ 200 ಗ್ರಾಂ ಮೀರಿ ಸಕ್ಕರೆ ಇರುವುದರಿಂದ ಶೇ 12ರ ವೈನ್ ಹೊರಗಿನ ಸಹಾಯವಿಲ್ಲದೆ ಸಿದ್ಧವಾಗುತ್ತದೆ. ನೆಲ್ಲಿಕಾಯಿಗೆ ಆ ಭಾಗ್ಯವಿಲ್ಲ, ಶುಂಠಿಗೂ ವೀಳ್ಯದೆಲೆಗೂ ಮೊದಲೇ ಇಲ್ಲ. ಆದ್ದರಿಂದ ಮಲೆನಾಡಿನ ಈ ಬಾಟಲಿಗಳಲ್ಲಿ ಸಕ್ಕರೆಯನ್ನು ಎಷ್ಟು ಹಾಕಿದ್ದಾರೆ, ಅದರಲ್ಲಿ ಎಷ್ಟು ಹುದುಗದೆ ಉಳಿದಿದೆ ಎಂಬುದರ ಮೇಲೆಯೇ ಗುಣ ನಿಂತಿದೆ.

ಈ ಪರೀಕ್ಷೆಯಲ್ಲಿ ಗೆದ್ದದ್ದು ನೇರಳೆ. ಲೋಟಕ್ಕೆ ಸುರಿದು ಓರೆ ಮಾಡಿದರೆ ನಡುವೆ ಕಡುನೇರಳೆ, ಅಂಚಿನಲ್ಲಿ ತೆಳುವಾದ ಕೆಂಪು ಕಾಣುತ್ತದೆ. ಮೊದಲ ಗುಟುಕು ಸಿಹಿಯೇ ಆದರೂ ಅದರ ಬೆನ್ನಿಗೇ ಹಣ್ಣಿನ ಒಗರು ಬಂದು ನಾಲಿಗೆಯ ಬದಿಗಳನ್ನು ಹಿಡಿಯುತ್ತದೆ. ಸಿಪ್ಪೆಯ ಬಣ್ಣವೂ ಒಗರೂ ರಸಕ್ಕೆ ಇಳಿಯುವವರೆಗೆ ತಯಾರಕರು ತಾಳ್ಮೆಯಿಂದ ಕಾದಿರಬೇಕು. ಕೆಂಪು ವೈನ್‌ನ ತತ್ವವೂ ಇದೇ: ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು, ಸಿಪ್ಪೆಯನ್ನು ಕೆಲವೇ ಗಂಟೆಗಳಲ್ಲಿ ಬೇರ್ಪಡಿಸಿದರೆ ರೋಸೆ ಎಂಬ ಗುಲಾಬಿ ಬಣ್ಣದ ವೈನ್, ಸಿಪ್ಪೆಗೆ ಅವಕಾಶವನ್ನೇ ಕೊಡದಿದ್ದರೆ ಬಿಳಿ.

ನೆಲ್ಲಿಕಾಯಿಯದು ಪಾನಕಕ್ಕೆ ಹತ್ತಿರದ ರುಚಿ. ಹುಳಿ ಚೆನ್ನಾಗಿದೆ, ಆದರೆ ಅದನ್ನು ಮುಚ್ಚಲು ಹಾಕಿದ ಸಕ್ಕರೆ ಹೆಚ್ಚಾಗಿದೆ. ಶುಂಠಿಯದು ಕಷಾಯದಂತೆ ಗಂಟಲಿಗೆ ಖಾರ ಹತ್ತುತ್ತದೆ, ಮಳೆಗಾಲದ ಸಂಜೆಗೆ ಅಡ್ಡಿಯಿಲ್ಲ. ವೀಳ್ಯದೆಲೆಯದು ಕುತೂಹಲಕ್ಕೆ ಒಂದು ಗುಟುಕು ಸಾಕು. ಬಾಬಾ ಬುಡನ್‌ಗಿರಿಯ ಮಡಿಲಿನ ಊರಿನಲ್ಲಿ ಕಾಫಿ ವೈನ್ ಅತ್ಯುತ್ತಮವಾಗಿರಬೇಕಿತ್ತು. ಆದರೆ ತಣ್ಣಗಾದ ಡಿಕಾಕ್ಷನ್ನಿಗೆ ಬೆಲ್ಲ ಬೆರೆಸಿದಂತಿದ್ದು, ಅರ್ಧ ಲೋಟ ಹಾಗೆಯೇ ಉಳಿಯಿತು.

ನನ್ನ ದೊಡ್ಡ ಆಕ್ಷೇಪವಿರುವುದು ರುಚಿಯ ಬಗ್ಗೆ ಅಲ್ಲ, ಚೀಟಿಯ ಬಗ್ಗೆ. ಆಲ್ಕೋಹಾಲ್ ಪ್ರಮಾಣವಾಗಲಿ, ತಯಾರಾದ ದಿನಾಂಕವಾಗಲಿ, ಪರವಾನಗಿ ಸಂಖ್ಯೆಯಾಗಲಿ ನಾನು ಕೊಂಡ ಬಾಟಲಿಗಳ ಮೇಲೆ ಇರಲಿಲ್ಲ; ಕೇಳಿದಾಗ ‘ಇದು ಮನೆಯದ್ದು ಸಾರ್, ಏನೂ ಆಗಲ್ಲ’ ಎಂಬ ಉತ್ತರ ಬಂತು. ಮನೆಯದ್ದಾದರೂ ಮಾರಾಟಕ್ಕಿಟ್ಟ ಮೇಲೆ ಅಬಕಾರಿ ಪರವಾನಗಿ ಬೇಕು, ಆಲ್ಕೋಹಾಲ್ ಪ್ರಮಾಣವನ್ನು ಚೀಟಿಯಲ್ಲಿ ನಮೂದಿಸಬೇಕು. ಇದು ಬರೀ ಕಾಗದದ ಮಾತಲ್ಲ. ಸಕ್ಕರೆ ಉಳಿದಿರುವ, ಸರಿಯಾಗಿ ಸೋಸದ ವೈನ್‌ನಲ್ಲಿ ಯೀಸ್ಟ್ ಜೀವಂತವಾಗಿದ್ದರೆ ಬಿಸಿಲಿಗೆ ಮತ್ತೆ ಹುದುಗು ಶುರುವಾಗಿ ಗಾಳಿಯ ಒತ್ತಡ ಏರುತ್ತದೆ. ಹಾಸನಕ್ಕೆ ಕಾರಿನ ಡಿಕ್ಕಿಯಲ್ಲಿಟ್ಟು ತಂದ ನೆಲ್ಲಿಕಾಯಿ ವೈನ್ ಮುಚ್ಚಳ ಹಾರಿಸಿ ಬಟ್ಟೆಯ ಚೀಲವನ್ನೆಲ್ಲ ತೋಯಿಸಿತು.

ನಿಜವಾದ ವೈನರಿ ನೋಡಬೇಕೆನ್ನುವವರು ಘಟ್ಟದಿಂದ ಕೆಳಗಿಳಿಯಬೇಕು. ಸಕಲೇಶಪುರ, ಮೂಡಿಗೆರೆಯ ಮಳೆಗೆ ದ್ರಾಕ್ಷಿ ಬಳ್ಳಿಗೆ ಬೂಜುರೋಗ ಹತ್ತುತ್ತದೆ. ಹಣ್ಣು ಮಾಗುವಾಗ ಅದಕ್ಕೆ ಒಣಹವೆ ಬೇಕು. ಹಾಸನದಿಂದ ಬೆಂಗಳೂರು ಹೆದ್ದಾರಿ ಹಿಡಿದು ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದರೆ, ನಂದಿಬೆಟ್ಟದ ಸೆರಗಿನಲ್ಲಿ 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಅವರ ತೋಟ ಮತ್ತು ವೈನರಿ ಇದೆ. ಮುಂಗಡವಾಗಿ ಕಾಯ್ದಿರಿಸಿದರೆ ಬಳ್ಳಿ, ಉಕ್ಕಿನ ತೊಟ್ಟಿ, ಓಕ್ ಪೀಪಾಯಿಗಳನ್ನು ತೋರಿಸಿ ರುಚಿ ನೋಡಿಸುತ್ತಾರೆ. ಕೊಯ್ಲು ನಡೆಯುವ ಬೇಸಿಗೆಯ ಆರಂಭದಲ್ಲಿ ಹೋಗುವುದು ಮೇಲು. ಉಳಿದ ತಿಂಗಳುಗಳಲ್ಲಿ ತೊಟ್ಟಿಗಳು ಸುಮ್ಮನೆ ನಿಂತಿರುತ್ತವೆ. ಅದೇ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ; ಅಗ್ಗದ ಸಿಹಿ ‘ಪೋರ್ಟ್’ ವೈನ್‌ಗಳಲ್ಲಿ ಮೂಗಿಗೆ ಬಡಿಯುವ ಜಾಮಿನಂಥ ವಾಸನೆ ಬಹುಮಟ್ಟಿಗೆ ಅದರದೇ. ಪೋರ್ಚುಗಲ್‌ನ ಅಸಲಿ ಪೋರ್ಟ್ ಬೇರೆ ಬಗೆಯದು. ಹುದುಗು ಅರ್ಧದಲ್ಲಿರುವಾಗ ದ್ರಾಕ್ಷಿಯ ಮದ್ಯಸಾರ ಸುರಿದು ನಿಲ್ಲಿಸುವುದರಿಂದ ಅದರ ಸಿಹಿ ಹಣ್ಣಿನದೇ ಆಗಿರುತ್ತದೆ.

ಚಿಕ್ಕಮಗಳೂರಿಗೆ ಬಂದವರು ನೇರಳೆಯನ್ನು, ಅದೂ ಪೂರ್ಣ ಚೀಟಿ ಇರುವ ಬಾಟಲಿಯನ್ನು ಮಾತ್ರ ಕೊಳ್ಳಿ. ತಂಪಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ತೆರೆದ ಮೇಲೆ ಮೂರ್ನಾಲ್ಕು ದಿನಗಳಲ್ಲಿ ಮುಗಿಸಿ. ಕೋಳಿ ಸಾರು, ಕಡುಬಿನ ಊಟಕ್ಕೆ ಅದರ ಒಗರು ಹೊಂದುತ್ತದೆ. ಸಿಹಿತಿಂಡಿಯ ಜೊತೆ ಕುಡಿದರೆ ಆ ಒಗರೂ ಸತ್ತುಹೋಗುತ್ತದೆ.