ಬಾಡಿಗೆಯ ಹ್ಯಾಲೊಜನ್ನೋ, ಸ್ವಂತ ಎಲ್‌ಇಡಿಯೋ: ಸಣ್ಣ ತಂಡದ ಲೈಟಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾಡಿಗೆಗೆ ತರುವ ಹಳೇ ಹ್ಯಾಲೊಜನ್ ಪಾರ್ ಲೈಟಿಗೆ, ಅಂದರೆ ವೇದಿಕೆಗೆ ಬಳಸುವ ಡಬ್ಬಿಯಾಕಾರದ ದೀಪಕ್ಕೆ. ನಾಲ್ಕು ಎಲ್‌ಇಡಿ ಪಾರ್ ಕೊಂಡು, 14 ಪ್ರದರ್ಶನ ಮಾಡಿದ ಮೇಲೆ ಈ ಮಾತು.

ನಮ್ಮದು ಐದು ಜನರ ನಾಟಕ ತಂಡ. ಅನುದಾನ ಇಲ್ಲ, ಟಿಕೆಟ್ ದುಡ್ಡೇ ಬಂಡವಾಳ. ಬೆಂಗಳೂರಿನ ರಂಗಶಂಕರದಂಥ ರಂಗಮಂದಿರದಲ್ಲಿ ಲೈಟು ಅಲ್ಲೇ ಇರುತ್ತದೆ, ಚಿಂತೆಯಿಲ್ಲ. ಆದರೆ ನಾವು ಹೆಚ್ಚಾಗಿ ಆಡುವುದು ಶಾಲೆಯ ಹಾಲು, ಸಮುದಾಯ ಭವನ, ಯಾರದೋ ಮನೆಯ ತಾರಸಿಯಲ್ಲಿ. ಲೈಟು, ಬೆಳಕು ಏರಿಳಿಸುವ ಡಿಮ್ಮರ್, ಜೊತೆಗೆ ಬರುವ ಹುಡುಗ, ಟೆಂಪೊ ಎಲ್ಲ ಸೇರಿ ಪ್ರತಿ ಸಲ 6,000 ರೂಪಾಯಿ ಹೋಗುತ್ತಿತ್ತು. ನಾಲ್ಕು ಎಲ್‌ಇಡಿಗೆ 11,200. ಎರಡು ಪ್ರದರ್ಶನಕ್ಕೇ ಅಸಲು ಹುಟ್ಟುತ್ತದೆ ಅಂತ ಕೊಂಡೆವು.

ಸಿಕ್ಕಿಬಿದ್ದಿದ್ದು ಕೊನೆಯ ದೃಶ್ಯದಲ್ಲಿ. ತಾಯಿ ಮೊರ ಹಿಡಿದು ಅಕ್ಕಿ ಆರಿಸುತ್ತಿರುತ್ತಾಳೆ, ಮಾತಿಲ್ಲ. 40 ಸೆಕೆಂಡಿನಲ್ಲಿ ಬೆಳಕು ಕುಗ್ಗುತ್ತ ಹೋಗಿ, ಅಕ್ಕಿಯ ಮೇಲೆ ಓಡಾಡುವ ಬೆರಳಷ್ಟೇ ಉಳಿದು, ಅದೂ ಕರಗಬೇಕು. ಎಲ್‌ಇಡಿಯಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿಯುವ ತನಕ ಏನೂ ತೊಂದರೆಯಿಲ್ಲ. ಆಮೇಲೆ ಮೆಟ್ಟಿಲು ಇಳಿದಂತೆ ಒಂದೊಂದೇ ಹಂತ ಕಣ್ಣಿಗೆ ಹೊಡೆಯುತ್ತದೆ. ಕಡೆಗೆ ಮುಖ ಇನ್ನೂ ಕಾಣುತ್ತಿರುವಾಗಲೇ ಪಕ್ಕನೆ ಕತ್ತಲು. ಮೊದಲ ಪ್ರದರ್ಶನದಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಕರೆಂಟು ಹೋಯಿತೆಂದುಕೊಂಡು ಮೊಬೈಲ್ ಟಾರ್ಚ್ ಹಾಕಿದರು. ತಿಂಗಳುಗಟ್ಟಲೆ ತಾಲೀಮು ಮಾಡಿದ್ದ ಆ ಮೌನ ಅಲ್ಲಿಗೇ ಮುಗಿಯಿತು.

ಕಾರಣ ಇಷ್ಟೆ. ಲೈಟಿಗೆ ಅಪ್ಪಣೆ ಕಳಿಸುವ ವ್ಯವಸ್ಥೆಯಾದ ಡಿಎಂಎಕ್ಸ್‌ನ ಒಂದು ಚಾನೆಲ್ಲಿನಲ್ಲಿ ಇರುವುದು 256 ಹಂತ. ಬೆಳಕು ಜಾಸ್ತಿ ಇದ್ದಾಗ ಒಂದು ಹಂತ ಕಮ್ಮಿಯಾದರೆ ಗೊತ್ತಾಗುವುದಿಲ್ಲ, ತಳಕ್ಕೆ ಬಂದಾಗ ಆ ಒಂದು ಹಂತವೇ ದೊಡ್ಡದು. ಹ್ಯಾಲೊಜನ್ನಿನ ತಂತಿ ತಣ್ಣಗಾಗಲು ಸ್ವಲ್ಪ ಹೊತ್ತು ಬೇಕು, ಆ ನಿಧಾನದಲ್ಲಿ ಹಂತಗಳೆಲ್ಲ ಮುಚ್ಚಿಹೋಗುತ್ತವೆ. ಜೊತೆಗೆ ಕುಗ್ಗುತ್ತ ಕೆಂಡದ ಹಾಗೆ ಕೆಂಪಾಗುತ್ತದೆ. ಅಕ್ಕಿ ಆರಿಸುವ ಕೈಗೆ ಆ ಕೆಂಪು ಬೇಕೇ ಬೇಕು. ಎಲ್‌ಇಡಿ ಮುಂದೆ ಬೆಳಕು ತಗ್ಗಿಸುವ ಬೂದು ಜೆಲ್ ಹಾಳೆ ಕಟ್ಟಿ ನೋಡಿದೆವು. ಕೊನೆಯ ದೃಶ್ಯ ಸುಧಾರಿಸಿತು, ಆದರೆ ಮದುವೆಮನೆಯ ದೃಶ್ಯ ಮಂಕಾಯಿತು. ನಯವಾಗಿ ಇಳಿಯುವ ಎಲ್‌ಇಡಿಗಳೂ ಇವೆ, ಅವುಗಳ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ.

ಎಲ್‌ಇಡಿಯೊಳಗಿನ ಫ್ಯಾನಿನ ಸದ್ದು ಸಣ್ಣ ಕೋಣೆಯಲ್ಲಿ ಕೇಳಿಸುತ್ತದೆ. ಅದರ ಬೆಳಕಿನಲ್ಲಿ ವಿಡಿಯೊ ತೆಗೆದರೆ ಪಟ್ಟೆ ಪಟ್ಟೆ ಬರುತ್ತದೆ.

ಹ್ಯಾಲೊಜನ್ನಿನ ಕಾಟ ಕರೆಂಟಿನದು. 1,000 ವ್ಯಾಟಿನ ಒಂದು ಲೈಟು ನಾಲ್ಕು ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಒಂದು ಶಾಲೆಯಲ್ಲಿ ಒಂದೇ ಪವರ್ ಪಾಯಿಂಟಿಗೆ ನಾಲ್ಕು ಲೈಟು ಹಾಕಿ, ನಾಟಕಕ್ಕೆ ಹತ್ತು ನಿಮಿಷ ಇರುವಾಗ ಎಂಸಿಬಿ (ಭಾರ ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್ಚು) ಬಿತ್ತು. ಈಗ ಒಂದು ಪಾಯಿಂಟಿಗೆ ಮೂರೇ. ನಮ್ಮ ನಾಲ್ಕು ಎಲ್‌ಇಡಿ ಸೇರಿದರೂ ಒಂದು ಹ್ಯಾಲೊಜನ್ನಿನಷ್ಟು ಕರೆಂಟು ತಿನ್ನುವುದಿಲ್ಲ. ಸ್ಕೂಟರಿನಲ್ಲಿ ಒಯ್ಯಬಹುದು, ಕ್ಯೂಎಲ್‌ಸಿ ಪ್ಲಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಲ್ಯಾಪ್‌ಟಾಪಿನಿಂದಲೇ ನಡೆಸಬಹುದು.

ಅದಕ್ಕೇ ಈಗ ಮುಖಕ್ಕೆ ಮೂರು ಹ್ಯಾಲೊಜನ್ ಬಾಡಿಗೆಗೆ ತರುತ್ತೇವೆ, ಹಿಂದಿನ ಪರದೆಯ ನೀಲಿ ರಾತ್ರಿಗೆ ಸ್ವಂತ ಎಲ್‌ಇಡಿ. ಡಿಮ್ಮರ್ ನಾನೇ ನಡೆಸುವುದರಿಂದ ಖರ್ಚು 3,500ಕ್ಕೆ ಇಳಿದಿದೆ. ನಿಮ್ಮದು ಹಾಡು, ಕುಣಿತ, ಬಣ್ಣದ ನಾಟಕವಾದರೆ ಎಲ್‌ಇಡಿಯನ್ನೇ ಕೊಳ್ಳಿ. ಆದರೆ ಕೊಳ್ಳುವ ಮುಂಚೆ ಅಂಗಡಿಯ ಬಾಗಿಲು ಹಾಕಿಸಿ, ಕತ್ತಲು ಮಾಡಿ, ನಿಮ್ಮ ಕೈ ಮೇಲೆ ಬೆಳಕು ಬಿಟ್ಟುಕೊಂಡು 40 ಸೆಕೆಂಡು ಫೇಡ್ ಮಾಡಿಸಿ ನೋಡಿ. ನಾವು ನಡುಮಧ್ಯಾಹ್ನ ಬಣ್ಣ ಮಾತ್ರ ನೋಡಿ ದುಡ್ಡು ಕೊಟ್ಟು ಬಂದಿದ್ದೆವು.