ಕ್ರಿಕೆಟ್ ಹುಳದ ಪ್ರೋಟೀನ್ ಪುಡಿ: ವರ್ಷದ ಬಳಕೆಯ ನಂತರ

ಬ್ಯಾಂಕಾಕಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗಲೆಲ್ಲ ತಂದುಕೊಡುವ, ಅಲ್ಲಿ ಸಾಕಿದ ಕ್ರಿಕೆಟ್ ಹುಳಗಳನ್ನು (ಮಿಡತೆಯನ್ನು ಹೋಲುವ, ರಾತ್ರಿ ಚಿರ್ರೆನ್ನುವ ಕೀಟ) ಒಣಗಿಸಿ ಬೀಸಿದ ಪುಡಿಯನ್ನು ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿದ್ದೇನೆ. ಹಾಲಿಗೆ ಕಲಸಿ ಕುಡಿಯುವುದಕ್ಕಿಂತ ತಿಂಡಿಗಳಲ್ಲಿ ಬೆರೆಸಿಯೇ ಹೆಚ್ಚು ತಿಂದಿದ್ದೇನೆ.

ಪುಡಿಗೆ ಹುರಿದ ಶೇಂಗಾದ ಘಮವಿದೆ, ಹಿಂದೆಯೇ ಒಣ ಸೀಗಡಿಯ ವಾಸನೆಯೂ ಬರುತ್ತದೆ. ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿಯಲ್ಲಿ ಆ ವಾಸನೆ ಪೂರ್ತಿ ಅಡಗುತ್ತದೆ. ಅಮೀನಗಡದ ಮಾದರಿಯ ಕರದಂಟಿನಲ್ಲಿ ಬೆಲ್ಲದ ಪಾಕವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿದರೆ ಅಂಟು, ಒಣಕೊಬ್ಬರಿಗಳ ನಡುವೆ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ. ಜೋಳದ ರೊಟ್ಟಿಗೆ ಮಾತ್ರ ಬೇಡ. ಮೊದಲೇ ಜಿಗುಟು ಕಡಿಮೆಯಿರುವ ಹಿಟ್ಟು, ಬಡಿಯುವಾಗ ಅಂಚೆಲ್ಲ ಸೀಳುತ್ತದೆ.

ಪೊಟ್ಟಣದ ಮೇಲೆ 100 ಗ್ರಾಂಗೆ 60 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಎಂದಿದೆ. ಶೇಂಗಾದಲ್ಲಿರುವುದು ಸುಮಾರು 25 ಗ್ರಾಂ. ಆದರೆ ಸಾಮಾನ್ಯವಾಗಿ ಪ್ರೋಟೀನನ್ನು ಲೆಕ್ಕ ಹಾಕುವುದು ನೈಟ್ರೋಜನ್ ಅಳೆದು 6.25ರಿಂದ ಗುಣಿಸಿ, ಹುಳದ ಹೊರಕವಚದಲ್ಲಿರುವ, ಪ್ರೋಟೀನ್ ಅಲ್ಲದ ಕೈಟಿನ್‌ನಲ್ಲೂ ನೈಟ್ರೋಜನ್ ಇರುವುದರಿಂದ ಆ ಅಂಕಿ ನಿಜಕ್ಕಿಂತ ತುಸು ಉಬ್ಬಿರುತ್ತದೆ. ಬಿ12 ಜೀವಸತ್ವ ಇರುವುದು ಮಾತ್ರ ನಮ್ಮ ಯಾವ ಕಾಳೂ ಕೊಡದ ಲಾಭ.

ಅಲರ್ಜಿಯ ವಿಷಯದಲ್ಲಿ ಎಚ್ಚರ ಬೇಕು. ಸೀಗಡಿ, ಏಡಿ ಒಗ್ಗದವರಿಗೆ ಇದೂ ಒಗ್ಗದಿರಬಹುದು. ಐರೋಪ್ಯ ಒಕ್ಕೂಟವು ಕ್ರಿಕೆಟ್ ಹುಳದ ತಿನಿಸುಗಳ ಮೇಲೆ ಈ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ. ಸಮುದ್ರದಿಂದ ಇಷ್ಟು ದೂರವಿರುವ ನಮ್ಮ ಕಡೆ ಸೀಗಡಿಯನ್ನೇ ತಿಂದಿರದ ಅನೇಕರಿಗೆ ತಮಗೆ ಅದು ಒಗ್ಗುತ್ತದೆಯೇ ಎಂಬುದೇ ತಿಳಿದಿರುವುದಿಲ್ಲವಾದ್ದರಿಂದ, ಹೇಳದೆ ಯಾರಿಗೂ ಬಡಿಸಬಾರದು. ಮಾಂಸಾಹಾರವೆಂಬ ಕಾರಣಕ್ಕೂ ಹೇಳಲೇಬೇಕು. ನಮ್ಮ ಅವ್ವ ಇದರ ಡಬ್ಬಿಯನ್ನು ಅಡುಗೆಮನೆಯೊಳಗೆ ಇಡಗೊಟ್ಟಿಲ್ಲ, ಹಿಂಡಿ ಕುಟ್ಟಲು ನನಗೆ ಬೇರೆ ಕಲ್ಲೇ ಇದೆ. ಬೇಸಿಗೆಯಲ್ಲಿ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡುವುದು ಲೇಸು, ಕೊಬ್ಬಿನಂಶವಿರುವುದರಿಂದ ನಮ್ಮ ಸೆಕೆಗೆ ಬೇಗ ಕಮಟು ಹಿಡಿಯುತ್ತದೆ.

ಇನ್ನು, ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಪರಿಸರಸ್ನೇಹದ ಮಾತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯ ಪ್ರಕಾರ ಒಂದು ಕಿಲೋ ಕ್ರಿಕೆಟ್ ಹುಳ ಬೆಳೆಯಲು ಸುಮಾರು 1.7 ಕಿಲೋ ಮೇವು ಸಾಕು, ಅಷ್ಟೇ ತೂಕದ ಕೋಳಿಗೆ 2.5 ಕಿಲೋ, ದನಕ್ಕೆ 10 ಕಿಲೋ ಬೇಕು, ಹುಳದ ಶೇ. 80ರಷ್ಟು ಭಾಗ ತಿನ್ನಲು ಬಂದರೆ ದನದ್ದು ಶೇ. 40 ಮಾತ್ರ. ಲೆಕ್ಕ ಸರಿಯೇ. ಆದರೆ ಥಾಯ್ಲೆಂಡಿನ ಸಾಕಣೆದಾರರು ಹೆಚ್ಚಾಗಿ ಹಾಕುವುದು ಕೋಳಿಯ ಮೇವನ್ನೇ. ಅದಕ್ಕೆ ಬೇಕಾದ ಮೆಕ್ಕೆಜೋಳ, ಸೋಯಾಗಳನ್ನು ಹೊಲದಲ್ಲಿಯೇ ಬೆಳೆಯಬೇಕು. ಅಲ್ಲದೆ ನನ್ನ ತಟ್ಟೆಯಲ್ಲಿ ಈ ಪುಡಿ ಬಂದು ಕೂತದ್ದು ದನದ ಮಾಂಸದ ಜಾಗದಲ್ಲಲ್ಲ, ಪುಟಾಣಿ (ಹುರಿಗಡಲೆ) ಮತ್ತು ಮಡಿಕೆ ಕಾಳಿನ ಜಾಗದಲ್ಲಿ. ಹಿಂಗಾರಿನಲ್ಲಿ ಎರೆಮಣ್ಣಿನ ಹಸಿಯನ್ನೇ ನಂಬಿ ಬೆಳೆಯುವ ನಮ್ಮ ಕಡಲೆಗೆ ಮೇವೂ ಬೇಡ, ವಿಮಾನವೂ ಬೇಡ; ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕವನ್ನು ರೊಟ್ಟಿಯ ಜೊತೆಗಿನ ಕಾಳುಪಲ್ಯವೇ ತುಂಬಿಕೊಡುತ್ತದೆ. ಬೆಲೆಯಂತೂ ಹೋಲಿಸುವಂತಿಲ್ಲ.

ಮಾಂಸ ತಿನ್ನುವವರು ಅದನ್ನು ಕಡಿಮೆ ಮಾಡಲು ಬಯಸಿದರೆ ಈ ಪುಡಿಯನ್ನು ಧೈರ್ಯವಾಗಿ ಕೊಳ್ಳಬಹುದು, ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹುಳಗಳಿಗೆ ಏನು ತಿನ್ನಿಸಿದ್ದಾರೆ ಎಂಬುದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದರೆ ನಾಲ್ಕು ಕೊಡಲು ಅಡ್ಡಿಯಿಲ್ಲ.