ಎಕನಾಮೆಟ್ರಿಕ್ಸ್ ಕ್ಲಾಸ್ ಅಂತ 18,000 ಕಟ್ಟುವ ಮುಂಚೆ ಇದನ್ನು ಓದಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಎಂ.ಎ. ಎಕನಾಮಿಕ್ಸ್, ಎಂ.ಕಾಂ. ಓದುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮೂರು ವಾರ ಮನೆಯಲ್ಲೂ ಹೇಳಿರಲಿಲ್ಲ.

"45 ದಿನದಲ್ಲಿ ಎಕನಾಮೆಟ್ರಿಕ್ಸ್, ಡೇಟಾ ಅನಾಲಿಸಿಸ್. ಪ್ರಾಜೆಕ್ಟ್ ಗ್ಯಾರಂಟಿ." ಹೀಗಂತ ಪೋಸ್ಟರ್ ನೋಡಿ ಸೇರಿದೆ. ಎಕನಾಮೆಟ್ರಿಕ್ಸ್ ಅಂದರೆ ಬೆಲೆ, ಕೂಲಿಯಂಥ ಅಂಕಿಗಳ ನಡುವಿನ ಸಂಬಂಧವನ್ನು ಸಂಖ್ಯಾಶಾಸ್ತ್ರದಿಂದ ಅಳೆಯುವುದು. ಫೀಸು 18,000, ಒಂದೇ ಸಲಕ್ಕೆ ಕಟ್ಟಬೇಕು. ರಸೀದಿ ಕೇಳಿದರೆ "ಆಮೇಲೆ ಕೊಡೋಣಮ್ಮ" ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಅಪ್ಪ ಕಾಫಿ ಮಾರಿದ ದುಡ್ಡು ಅದು.

ನನ್ನ ಪ್ರಾಜೆಕ್ಟ್, ತೋಟದ ಕೂಲಿಗೂ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಕಾಫಿ) ಬೆಲೆಗೂ ಏನು ಸಂಬಂಧ ಅನ್ನುವುದು. 2014ರಿಂದ 2023ರವರೆಗೆ, ತಿಂಗಳಿಗೊಂದು ಅಂಕಿ, ಒಟ್ಟು 120 ಸಾಲು. ಡೇಟಾವನ್ನು ಕ್ಲಾಸಿನ ಸರ್ ಅವರೇ ಕೊಟ್ಟರು. "ಇದು ಎಲ್ಲೂ ಸಿಗಲ್ಲ, ನಮ್ಮ ಹತ್ತಿರ ಮಾತ್ರ" ಅಂದರು. ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರು, ಅದೂ ಕ್ರ್ಯಾಕ್ ಮಾಡಿದ್ದು. ಕ್ಲಾಸಿನಲ್ಲಿ ಕಲಿಸಿದ್ದು ಯಾವ ಬಟನ್ ಒತ್ತಬೇಕು ಅಂತ ಅಷ್ಟೇ. ನನ್ನ ಆರ್ ಸ್ಕ್ವೇರ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ ಅಂತ 0ಯಿಂದ 1ರೊಳಗೆ ಹೇಳುವ ಅಂಕಿ) 0.94 ಬಂತು. ಸರ್ ಎಲ್ಲರ ಹತ್ತಿರ ಚಪ್ಪಾಳೆ ತಟ್ಟಿಸಿದರು. "ಇದಕ್ಕಿಂತ ಒಳ್ಳೆ ಮಾಡೆಲ್ ಬೇಕಾ?" ಅಂದರು. ನಾನು ಅವತ್ತು ಮನೆಗೆ ಸ್ವೀಟ್ ತಗೊಂಡು ಹೋಗಿದ್ದೆ.

ವೈವಾದಲ್ಲಿ (ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ) ಹೊರಗಿನಿಂದ ಪರೀಕ್ಷಕರಾಗಿ ಬಂದ ಮೇಡಂ ನನ್ನ ಔಟ್‌ಪುಟ್ ಮೇಲೆ ಬೆರಳಿಟ್ಟರು. "ಡರ್ಬಿನ್ ವಾಟ್ಸನ್ ಎಷ್ಟಿದೆ, ಓದಮ್ಮ." 0.08. ಮಾಡೆಲ್‌ನ ತಪ್ಪು ಒಂದು ತಿಂಗಳಿಂದ ಮುಂದಿನ ತಿಂಗಳಿಗೆ ಹಾಗೇ ಅಂಟಿಕೊಂಡು ಬರುತ್ತಿದೆಯಾ ಅಂತ ತೋರಿಸುವ ಅಂಕಿ ಅದು. "2ರ ಆಸುಪಾಸು ಇರಬೇಕಿತ್ತು, ಅಲ್ವಾ? ಯೂನಿಟ್ ರೂಟ್ ಟೆಸ್ಟ್ ಮಾಡಿದ್ದೀಯಾ?"

ಅಂಕಿಗಳು ಒಂದು ಮಟ್ಟದ ಸುತ್ತಲೇ ಇರುತ್ತವೋ, ಅಲೆಯುತ್ತಾ ದೂರ ಹೋಗುತ್ತವೋ ಅಂತ ನೋಡುವ ಪರೀಕ್ಷೆ ಅದು. ಆ ಹೆಸರನ್ನೇ ನಾನು ಕೇಳಿರಲಿಲ್ಲ. 45 ದಿನದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಪಕ್ಕದಲ್ಲಿ ನಮ್ಮ ಗೈಡ್ ಕೂತಿದ್ದರು, ಹಿಂದೆ ಜೂನಿಯರ್‌ಗಳಿದ್ದರು. ಗಂಟಲು ಒಣಗಿ ಹೋಯಿತು.

ಮೇಡಂ ಬೈಯಲಿಲ್ಲ, ಸಮಾಧಾನವಾಗಿ ಹೇಳಿದರು. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ, ಒಂದಕ್ಕೊಂದು ಸಂಬಂಧ ಇಲ್ಲದಿದ್ದರೂ ಆರ್ ಸ್ಕ್ವೇರ್ ಜಾಸ್ತಿ ಬರುತ್ತದೆ. ಎಕನಾಮೆಟ್ರಿಕ್ಸ್ ತಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಇಂಥ ಸುಳ್ಳು ಸಂಬಂಧವನ್ನು 1974ರಲ್ಲೇ ತೋರಿಸಿದ್ದಾರೆ. ಆರ್ ಸ್ಕ್ವೇರ್ ಡರ್ಬಿನ್ ವಾಟ್ಸನ್‌ಗಿಂತ ದೊಡ್ಡದಿದ್ದರೆ ಅಲ್ಲೇ ಅನುಮಾನ ಬರಬೇಕು. "ಫಸ್ಟ್ ಡಿಫರೆನ್ಸ್ ತೆಗೆದು ನೋಡು, ತಿದ್ದಿ ಮತ್ತೆ ಸಲ್ಲಿಸು" ಅಂದರು.

ಅಂದೇ ರಾತ್ರಿ ಕೂತೆ. ಫಸ್ಟ್ ಡಿಫರೆನ್ಸ್ ಅಂದರೆ ಈ ತಿಂಗಳ ಬೆಲೆಯಿಂದ ಹೋದ ತಿಂಗಳ ಬೆಲೆ ಕಳೆಯುವುದು, ಅಷ್ಟೇ. ಕಳೆದೆ. 21.25. ಕೆಳಗಿನ ಸಾಲು 21.25. ಅದರ ಕೆಳಗೆ 21.25. ಹನ್ನೆರಡು ಸಾಲು ಅದೇ. ಮುಂದಿನ ವರ್ಷ ಬೇರೆ ಅಂಕಿ, ಅದೂ ಹನ್ನೆರಡು ಸಲ. ಕೈ ನಡುಗಿತು. ವರ್ಷಕ್ಕೊಂದು ಅಂಕಿ ಇಟ್ಟುಕೊಂಡು, ನಡುವಿನ ತಿಂಗಳುಗಳನ್ನು ಸುಮ್ನೆ ಸಮನಾಗಿ ಹಂಚಿ ತುಂಬಿಸಿದ್ದಾರೆ! ಹತ್ತು ವರ್ಷದ ಅಂಕಿಯನ್ನು 120 ಸಾಲು ಮಾಡಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿದ್ದವು. ಇವರ ಶೀಟಿನಲ್ಲಿ ಆ ತಿಂಗಳೂ ಬೆಲೆ ಅಷ್ಟೇ ನೆಟ್ಟಗೆ ಏರಿದೆ. ಅಪ್ಪ 50 ಕೆ.ಜಿ. ಚೀಲದ ದರವನ್ನು ಡೈರಿಯಲ್ಲಿ ಬರೆದಿಡುತ್ತಾರೆ. ಅದರಲ್ಲಿ ಇಳಿದ ತಿಂಗಳು ಎಷ್ಟೊಂದಿವೆ. ಶೀಟಿನಲ್ಲಿ ಒಂದೂ ಇಲ್ಲ. ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿ ನನಗೆ ಇದು ಕಾಣಲಿಲ್ಲವಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತದೆ.

ಸರ್‌ಗೆ ಮೆಸೇಜ್ ಹಾಕಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತಿದ್ದೇನೆ.

"ನೋಡಮ್ಮ, ಎಲ್ಲರೂ ಹೀಗೇ ಮಾಡೋದು."

ಡೇಟಾ ಎಲ್ಲಿಂದ ತಂದಿರಿ ಅಂತ ಕೇಳಿದೆ. "ಅದೆಲ್ಲ ನಿನಗೆ ಯಾಕೆ? ಪ್ರಾಜೆಕ್ಟ್ ಆಯ್ತಲ್ಲ."

ದುಡ್ಡು ವಾಪಸ್ ಕೇಳಿದೆ. "ಗ್ಯಾರಂಟಿ ಪ್ರಾಜೆಕ್ಟಿಗೆ, ಮಾರ್ಕ್ಸಿಗೆ ಅಲ್ಲ."

ಆಮೇಲೆ ನಂಬರ್ ಬ್ಲಾಕ್. ಅಪ್ಪನ ಫೋನಿನಿಂದ ಮಾಡಿದರೆ, "ನಿಮ್ಮ ಮಗಳು ಸರಿಯಾಗಿ ಪಾಠ ಕೇಳಲಿಲ್ಲ ಅಂಕಲ್" ಅಂದರಂತೆ. ಒಂದು ಕ್ಲಾಸೂ ತಪ್ಪಿಸಿಲ್ಲ ನಾನು. ಮಳೆಯಲ್ಲಿ ಎರಡು ಬಸ್ ಬದಲಿಸಿ ಹೋಗಿದ್ದೇನೆ. ಒಂದು ಕ್ಲಾಸೂ ತಪ್ಪಿಸಿಲ್ಲ.

ಸೇರುವ ಮುಂಚೆ ಡೇಟಾ ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ಕೊಡದಿದ್ದರೆ ಎದ್ದು ಬನ್ನಿ. ಯೂನಿಟ್ ರೂಟ್ ಕಲಿಸುತ್ತೀರಾ ಅಂತ ಕೇಳಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಆರ್, ಗ್ರೆಟ್ಲ್ ಅನ್ನುವ ಎರಡು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ, ಕದ್ದ ಸಾಫ್ಟ್‌ವೇರ್ ಬೇಡವೇ ಬೇಡ. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳು, ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳ ತಾಣ) ಎಕನಾಮೆಟ್ರಿಕ್ಸ್ ಪಾಠಗಳು ದುಡ್ಡಿಲ್ಲದೆ ನೋಡಲು ಸಿಗುತ್ತವೆ. ಕಾಫಿ ದರ ಕಾಫಿ ಬೋರ್ಡ್‌ನವರೇ ಹಾಕುತ್ತಾರೆ. "ಎಲ್ಲೂ ಸಿಗಲ್ಲ" ಅಂದಿದ್ದು ಇದನ್ನೇ.

ನಾನೀಗ ಅಪ್ಪನ ಡೈರಿಯಿಂದ ಒಂದೊಂದೇ ತಿಂಗಳ ದರ ಟೈಪ್ ಮಾಡುತ್ತಿದ್ದೇನೆ. ಅಪ್ಪ ಪಕ್ಕದಲ್ಲಿ ಕೂತು ಓದಿ ಹೇಳುತ್ತಾರೆ. 2016ಕ್ಕೆ ಬಂದಿದ್ದೇವೆ.

ಇವತ್ತು ಇದನ್ನು ಬರೆಯಲು ಕಾರಣ ಇದೆ. ಮುಂದಿನ ಬ್ಯಾಚಿನ ಪೋಸ್ಟರ್ ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ. ಅದರಲ್ಲಿ ನನ್ನ ಗ್ರಾಫ್ ಹಾಕಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ 0.94.